ಧನಲಕ್ಷ್ಮಿಯ ಅರಿಶಿನ ಕುಂಕುಮ

ರಾಜಾನುಕುಂಟೆಯ ವರಲಕ್ಷ್ಮಮ್ಮನಿಗೆ ಇದ್ದದ್ದು ಒಂದೇ ಚಿಂತೆ. ಮಗಳು ಧನಲಕ್ಷ್ಮಿಗೆ ಮೂವತ್ತು ದಾಟಿದೆ, ಬುದ್ಧಿ ಮಾತ್ರ ಪುಟ್ಟ ಮಗುವಿನದು. ತಲೆ ಬಾಚಬೇಕು, ಅನ್ನ ಕಲಸಿ ಕೊಡಬೇಕು. ಅಪ್ಪ ಅಮ್ಮ ಕಣ್ಣು ಮುಚ್ಚಿದ ಮೇಲೆ ಇವಳ ಗತಿಯೇನು?

ಹೊಲ ಲೇಔಟ್ ಆದಾಗ ಬಂದ ಹಣದಲ್ಲಿ ಒಂದು ಪಾಲು ಮಗಳಿಗೇ ಇರಲಿ ಎಂದು ಅವಳು ಹಟ ಹಿಡಿದಳು. ಯಲಹಂಕದ ವಕೀಲರು ಟ್ರಸ್ಟ್ ಪತ್ರ ಬರೆದು ನೋಂದಣಿ ಮಾಡಿಸಿದರು. ಹಿಂಪಡೆಯಲಾಗದ ಟ್ರಸ್ಟ್. ಅಂದರೆ, ಒಮ್ಮೆ ಹಾಕಿದ ಹಣವನ್ನು ಕೊಟ್ಟವರೂ ವಾಪಸ್ ತೆಗೆಯುವ ಹಾಗಿಲ್ಲ, ಮಗಳ ಊಟ, ಔಷಧಿ, ಆರೈಕೆಗೇ ಖರ್ಚಾಗಬೇಕು. ಗಂಡ ಮುನಿರಾಮಯ್ಯ ಹೆಂಡತಿಯ ಕಾಟ ತಾಳಲಾರದೆ ಸಹಿ ಹಾಕಿದ್ದ. ಹಣ ಮಾತ್ರ ಇನ್ನೂ ಅವನ ಖಾತೆಯಲ್ಲೇ ಇತ್ತು. ಟ್ರಸ್ಟಿಗೆ ಖಾತೆ ತೆರೆಯಬೇಕಲ್ಲ? ಅಲ್ಲೇ ಬಂತು ಪೀಕಲಾಟ.

ಮೊದಲ ಬ್ಯಾಂಕಿನಲ್ಲಿ, "ಯಾವ ದೇವಸ್ಥಾನದ್ದಮ್ಮಾ ಟ್ರಸ್ಟು?" ಅಂದರು. ಮಗಳದು ಅಂದದ್ದಕ್ಕೆ ಕೌಂಟರಿನವನು ನಕ್ಕುಬಿಟ್ಟ. ಎರಡನೆಯ ಕಡೆ, "ನಮ್ಮ ಬ್ರಾಂಚಲ್ಲಿ ಇಂಥದ್ದು ಮಾಡಲ್ಲ." ಇನ್ನೊಂದು ಕಡೆ ಪುಕ್ಕಟೆ ಉಪದೇಶ: "ಯಾಕಮ್ಮಾ ತಲೆನೋವು? ಯಜಮಾನರ ಹೆಸರಲ್ಲೇ ಡಿಪಾಸಿಟ್ ಮಾಡಿ ಬಿಡಿ."

ಮುನಿರಾಮಯ್ಯನಿಗೆ ಅಷ್ಟೇ ಸಾಕಾಯಿತು. "ನಾನ್ ಮೊದ್ಲೇ ಏಳ್ಲಿಲ್ವಾ? ನಮ್ಮಣ್ಣನ ಮಗ ನಂದಕುಮಾರನ ಎಸ್ರಿಗೆ ಆಕ್ಬಿಡಾನ. ಧನುನ ಅವ್ನೇ ನೋಡ್ಕೋತಾನೆ. ವಾಪಸ್ ತೆಗಿಯಂಗೇ ಇಲ್ಲ ಅಂದ್ರೆ ಅದ್ಯಾವ ಸೀಮೆ ದುಡ್ಡು ಕಣೇ?"

"ನಂದ ಒಳ್ಳೇವ್ನೇ ಕಣ್ರೀ. ನಾಳೆ ಅವನಿಗೇ ಕಷ್ಟ ಬಂದ್ರೆ? ಅವನ ಹೆಸರಿಗೆ ಹೋದ್ಮೇಲೆ ಅದು ಅವನ ದುಡ್ಡೇ ಅಲ್ವಾ?"

ಇನ್ನೊಂದು ಬ್ಯಾಂಕು ಇಲ್ಲ ಅಂದರೆ ಗಂಡ ಸೀದಾ ಅಣ್ಣನ ಮನೆಗೆ ಹೋಗುತ್ತಾನೆಂದು ವರಲಕ್ಷ್ಮಮ್ಮನಿಗೆ ಖಾತ್ರಿಯಾಯಿತು.

ಧನಲಕ್ಷ್ಮಿ ಹಗಲು ಹೊತ್ತು ಸಹಕಾರನಗರದ ಒಂದು ಆರೈಕೆ ಕೇಂದ್ರಕ್ಕೆ ಹೋಗುತ್ತಾಳೆ. ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಜಿಯಾವುಲ್ಲಾ ಅವರ ಮಗನೂ ಅಲ್ಲಿಗೇ ಬರುತ್ತಾನೆ. ಸಂಜೆ ಗೇಟಿನ ಹತ್ತಿರ ಅವರು ಕೇಳಿದರು, "ಏನಕ್ಕಾ, ಮುಖ ಸಪ್ಪಗಿದೆ?"

ಎಲ್ಲ ಕೇಳಿ ನಕ್ಕರು. "ನಾನೂ ಹಿಂಗೇ ಅಲೆದೋನು ಅಕ್ಕಾ, ಚಪ್ಪಲಿ ಸವೆದೋಯ್ತು. ನಾವು ಸೀದಾ ಕೌಂಟರಿಗೆ ಹೋಗಿ ಟ್ರಸ್ಟ್ ಅಂತೀವಿ, ಅವರಿಗೆ ಗುಡಿ, ಸ್ಕೂಲು ನೆನಪಾಗುತ್ತೆ. ಮ್ಯಾನೇಜರ್‌ನ ನೋಡಿ. ಇದು ಖಾಸಗಿ ಟ್ರಸ್ಟು, ಹಿಂಪಡೆಯೋಕಾಗಲ್ಲ, ಮಗಳ ಪಾಲನೆಗೆ ಅಂತ ಬಿಡಿಸಿ ಹೇಳಿ. ಯಾವ ಬ್ರಾಂಚಲ್ಲಿ ತೆರೀತಾರೆ ಅಂತ ಇಮೇಲ್‌ನಲ್ಲೇ ಉತ್ತರ ತರಿಸ್ಕೊಳ್ಳಿ. ಎಲ್ಲಾ ಬ್ಯಾಂಕೂ ಒಪ್ಪಲ್ಲ, ಒಪ್ಪೋರು ಇದ್ದಾರೆ."

"ಕಾಗದ ಏನೇನು ಬೇಕಣ್ಣಾ?"

"ನೋಂದಣಿ ಆದ ಟ್ರಸ್ಟ್ ಪತ್ರ, ಟ್ರಸ್ಟಿಗಳು, ಅಂದ್ರೆ ಟ್ರಸ್ಟ್ ನಡೆಸೋರು, ಅವರ ಆಧಾರ್, ಪ್ಯಾನ್, ಫೋಟೊ. ಖಾತೆ ತೆರೀತೀವಿ, ಇಂಥೋರು ಸೈನ್ ಹಾಕ್ತಾರೆ ಅಂತ ಟ್ರಸ್ಟಿಗಳು ಬರೆದುಕೊಟ್ಟ ತೀರ್ಮಾನ. ಆಮೇಲೆ ಟ್ರಸ್ಟಿನ ಹೆಸರಲ್ಲೇ ಒಂದು ಪ್ಯಾನ್ ಕಾರ್ಡು."

"ಅಯ್ಯೋ, ಟ್ರಸ್ಟಿಗೂ ಪ್ಯಾನಾ? ನಾವು ನಮ್ಮ ಯಜಮಾನರದ್ದೇ ತೋರಿಸ್ತಿದ್ವಲ್ಲಾ!"

ವಕೀಲರಿಗೆ ಹೇಳಿ ಪ್ಯಾನ್ ಮಾಡಿಸಿದ್ದಾಯಿತು. ಕೇಂದ್ರದವರೇ ಕೂತು ನಾಲ್ಕಾರು ಬ್ಯಾಂಕಿಗೆ ಇಮೇಲ್ ಕಳಿಸಿಕೊಟ್ಟರು. ಯಲಹಂಕ ನ್ಯೂ ಟೌನಿನ ಒಂದು ಬ್ಯಾಂಕಿನಿಂದ ಬನ್ನಿ ಎಂದು ಉತ್ತರ ಬಂತು.

ಮ್ಯಾನೇಜರ್ ಶಿಲ್ಪ ಪತ್ರವನ್ನು ಪುಟ ಬಿಡದೆ ಓದಿ, "ಆಗುತ್ತಮ್ಮಾ," ಅಂದರು. ವರಲಕ್ಷ್ಮಮ್ಮನಿಗೆ ಅಲ್ಲೇ ಅಳು ಬಂತು. ಪತ್ರದ ಪ್ರಕಾರ ಟ್ರಸ್ಟಿಗಳು ಅವಳು ಮತ್ತು ಜೊತೆಗೆ ಬಂದಿದ್ದ ನಂದಕುಮಾರ. ಹಣ ತೆಗೆಯಲು ಇಬ್ಬರ ಸಹಿಯೂ ಬೇಕು, ಒಬ್ಬರು ಇಲ್ಲವಾದರೆ ಮುಂದೆ ಯಾರು ಎಂಬುದೂ ಪತ್ರದಲ್ಲಿದೆ. "ಚಿಕ್ಕಪ್ಪಾ, ನನಗೂ ಇದೇ ಕ್ಷೇಮ," ಅಂದ ನಂದಕುಮಾರ. "ನಾಳೆ ಧನುವಿನ ದುಡ್ಡು ತಿಂದ ಅಂತ ಯಾರೂ ಬೆರಳು ತೋರ್ಸಲ್ಲ."

ಉಳಿದದ್ದು ಮುನಿರಾಮಯ್ಯನ ಚೆಕ್ಕು. ಶಿಲ್ಪ ಹೇಳಿದರು, "ಯಜಮಾನ್ರೇ, ಒಮ್ಮೆ ಟ್ರಸ್ಟಿಗೆ ಹೋದ್ರೆ ನೀವೇ ಕೇಳಿದ್ರೂ ವಾಪಸ್ ಕೊಡಕ್ಕಾಗಲ್ಲ. ನಿಮಗೆ ಬೇಕಾದ್ದು ಇಟ್ಕೊಂಡಿದ್ದೀರಾ ತಾನೇ?"

"ಇಟ್ಕೊಂಡಿವ್ನಿ," ಅಂದ. ಆದರೂ ಪೆನ್ನು ಮುಂದಕ್ಕೆ ಹೋಗಲಿಲ್ಲ. ವರಲಕ್ಷ್ಮಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ನಿಮ್ಮಮ್ಮ ನಿಮ್ಮ ತಂಗಿಗೆ ಬಾವಿ ಪಕ್ಕದ ತುಂಡನ್ನ ಅರಿಶಿನ ಕುಂಕುಮಕ್ಕೆ ಅಂತ ಕೊಟ್ರಲ್ಲ, ಯಾವತ್ತಾದ್ರೂ ವಾಪಸ್ ಕೇಳಿದ್ರಾ?" ಅಂದಳು ಮೆಲ್ಲಗೆ.

"ಥೂ! ಮದ್ವೆ ಮಾಡಿ ಕೊಟ್ಟ ಎಣ್ಮಗಳಿಗೆ ಅರಿಶಿನ ಕುಂಕುಮಕ್ಕೆ ಬಿಟ್ಟಿದ್ದನ್ನ ಯಾವನಾದ್ರೂ ಕೇಳ್ತಾನಾ?"

"ಇದೂ ಅಷ್ಟೇ ಕಣ್ರೀ."

ಮುನಿರಾಮಯ್ಯ ಹೆಂಡತಿಯ ಮುಖ ನೋಡಿದ. ಅವನ ಕಣ್ಣು ತುಂಬಿತ್ತು. "ನನ್ ಮಗಳಿಗೆ ಮದ್ವೆ ಇಲ್ಲ, ಅರಿಶಿನ ಕುಂಕುಮದ ಪಾಲೂ ಇಲ್ಲ ಅಂತ್ಲೇ ಅಂದ್ಕೊಂಡಿದ್ನಲ್ಲೇ," ಅಂದ. ಅಂದವನೇ ಸಹಿ ಹಾಕಿದ.

ಆ ಸಂಜೆ ಮಗಳ ತಲೆ ಬಾಚುವಾಗ ವರಲಕ್ಷ್ಮಮ್ಮನಿಗೆ ಯಾವ ಅವಸರವೂ ಇರಲಿಲ್ಲ. ಸಿಕ್ಕು ಬಿಡಿಸಿ ಎರಡು ಜಡೆ ಹಾಕಿದಳು. ಧನು ಕನ್ನಡಿ ನೋಡಿಕೊಂಡು ಚಪ್ಪಾಳೆ ತಟ್ಟಿದಳು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಮಗು ನಿಮ್ಮ ಮನೆಯಲ್ಲೂ ಇರಬಹುದು. ಕೊಟ್ಟ ಹಣ ವಾಪಸ್ ಬರುವುದಿಲ್ಲ, ಆದ್ದರಿಂದ ನಿಮ್ಮ ಜೀವನಕ್ಕೆ ಬೇಕಾದ್ದನ್ನು ಇಟ್ಟುಕೊಂಡು, ವಕೀಲರನ್ನು ಕೇಳಿಯೇ ಟ್ರಸ್ಟ್ ಮಾಡಿ. ಟ್ರಸ್ಟಿನ ಹೆಸರಲ್ಲೇ ಪ್ಯಾನ್ ಮಾಡಿಸಿ. ಬ್ಯಾಂಕಿಗೆ ಹೋಗುವ ಮೊದಲೇ ಬರೆದು ಕೇಳಿ. ಒಂದು ಬ್ಯಾಂಕು ಆಗಲ್ಲ ಅಂದಿತೆಂದು ಆ ಮಗುವಿನ ಪಾಲನ್ನು ಇನ್ನೊಬ್ಬರ ಹೆಸರಿಗೆ ಹಾಕಿಬಿಡಬೇಡಿ. ಇನ್ನೊಂದು ಬ್ಯಾಂಕಿನ ಮೆಟ್ಟಿಲು ಹತ್ತಿ.