ಚೀಲದ ತಳದಲ್ಲಿದ್ದ ಎರಡನೇ ಹಾಳೆ

ಟೈಲರಕ್ಕ ಮೂರು ಮಹಡಿ ಹತ್ತುವಷ್ಟರಲ್ಲಿ ಮೂರು ಸಲ ಕೂರುತ್ತಿದ್ದಳು. ಆಗಾಗ ಮೂಗಿನಿಂದ ರಕ್ತ. "ನಮ್ಮಮ್ಮಂಗೂ ಹಿಂಗೇ. ನಮ್ಮ ಮನೆ ಮೂಗೇ ಹಂಗೆ," ಎಂದು ನಗುತ್ತಿದ್ದಳು. ಸ್ಕ್ಯಾನ್ ಮಾಡಿದರೆ ಶ್ವಾಸಕೋಶದಲ್ಲೊಂದು ರಕ್ತನಾಳದ ಗಂಟು. ರಕ್ತ ಅಲ್ಲಿ ಗಾಳಿ ಪಡೆಯದೆ ಅಡ್ಡದಾರಿ ಹಿಡಿಯುತ್ತಿತ್ತು. ಅದನ್ನು ಮುಚ್ಚಬೇಕು ಎಂದ ಡಾಕ್ಟರು, ಓದಿ ಸಹಿ ಹಾಕಿ ತರಲು ಒಪ್ಪಿಗೆ ಪತ್ರವನ್ನು ಅವಳ ಗಂಡನ ಕೈಗೆ ಕೊಟ್ಟರು.

ಸಂಜೆ ಎದುರುಮನೆಯ ನರ್ಸಮ್ಮ ಬಂದರು.

"ಎದೆ ಸೀಳ್ತಾರಂತೆ. ನಾನು ಹೋಗಲ್ಲ," ಎಂದಳು ಟೈಲರಕ್ಕ.

"ಯಾರೇ ಹೇಳಿದ್ದು? ಹೆಚ್ಚಿನವರಿಗೆ ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಒಳಗಿಂದಲೇ ಮುಚ್ತಾರೆ. ಅದಾಗ್ಲಿಲ್ಲ ಅಂದ್ರೆ ಮಾತ್ರ ಆಪರೇಶನ್. ಎಲ್ಲಾ ಒಪ್ಪಿಗೆ ಪತ್ರದ ಎರಡನೇ ಹಾಳೆಲಿದೆಯಲ್ಲ?"

"ಒಂದೇ ಹಾಳೆ ಇರೋದು."

ಇಬ್ಬರೂ ಅವಳ ಪ್ಲಂಬರ್ ಗಂಡನತ್ತ ತಿರುಗಿದರು. ಅವನು ಅಡುಗೆಮನೆಯ ನಲ್ಲಿಯನ್ನು ಜೀವಮಾನದಲ್ಲೇ ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಕೊನೆಗೆ ಸಲಕರಣೆ ಚೀಲದ ತಳದಿಂದ, ಸ್ಪ್ಯಾನರ್ ಅಡಿಯಿಂದ, ಹಾಳೆ ಹೊರಬಂತು.

"ಗೋಡೆ ಒಡೆಯೋಕೆ ಮುಂಚೆ ಏನೇನು ಕೆಡಬಹುದು ಅಂತ ನಾನು ಯಾರಿಗೂ ಹೇಳಲ್ಲ. ಹೇಳಿದ್ರೆ ಕೆಲಸಾನೇ ಮಾಡಿಸಲ್ಲ."

"ನಾನೇನು ಗೋಡೆನಾ ರೀ?"

ಅವಳೇ ಗಟ್ಟಿಯಾಗಿ ಓದಿದಳು. ನಳಿಕೆ ಹಾಕಿದ ಮೇಲೆ ಕೆಲವು ದಿನ ಎದೆನೋವು, ಜ್ವರ ಬರಬಹುದು. ಅಪರೂಪಕ್ಕೆ, ರಕ್ತನಾಳ ಮುಚ್ಚಲು ಒಳಗಿಟ್ಟ ಲೋಹದ ಸುರುಳಿ ಜಾರಬಹುದು, ಪಾರ್ಶ್ವವಾಯು ಆಗಬಹುದು. ಎದೆ ತೆರೆದರೆ ರಕ್ತಸ್ರಾವ, ಸೋಂಕಿನ ಭಯ ಹೆಚ್ಚು, ಚೇತರಿಕೆಯೂ ನಿಧಾನ. ಹಾಗೇ ಬಿಟ್ಟರೆ ರಕ್ತದ ಹೆಪ್ಪೋ ಕ್ರಿಮಿಯೋ ಶ್ವಾಸಕೋಶದಲ್ಲಿ ಸೋಸಿಹೋಗದೆ ನೇರ ಮಿದುಳು ಸೇರಬಹುದು. ಕೊನೆಯ ಸಾಲು: ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ತಿಳಿಸಿ, ಸೋಂಕು ತಡೆಯುವ ಔಷಧ ಬೇಕು.

ಮರುದಿನ ಬೆಳಗ್ಗೆ ಹತ್ತಕ್ಕೆ ಅವಳ ದವಡೆ ಹಲ್ಲು ಕೀಳಿಸುವುದಿತ್ತು.

ದಂತವೈದ್ಯರಿಗೆ ಫೋನ್ ಮಾಡಿದ್ದು ಗಂಡನೇ. ಅವಸರದಲ್ಲಿ ಎರಡು ಸಲ ತಪ್ಪು ನಂಬರ್ ಒತ್ತಿದ.

ನಳಿಕೆಯ ಚಿಕಿತ್ಸೆ ಆಯಿತು. ಮೂರನೇ ದಿನ ಎದೆ ನೋವೆದ್ದಾಗ ಅವನು ಕಂಗಾಲು. "ಮೊದಲನೇ ಸಾಲಲ್ಲೇ ಬರೆದಿದೆ ರೀ. ಡಾಕ್ಟರಿಗೂ ಹೇಳಿದೀನಿ, ನೋಡಿದ್ರು," ಎಂದಳು ಅವಳು. ಎರಡು ದಿನಕ್ಕೆ ನೋವು ಇಳಿಯಿತು.

ಇದು ವಂಶದಲ್ಲಿ ಬರಬಹುದಾದ ಕಾಯಿಲೆ ಎಂದು ಡಾಕ್ಟರು ಹೇಳಿದ್ದರಿಂದ ಈಗ ಅವರ ಮಗಳಿಗೂ ಪರೀಕ್ಷೆ ಮಾಡಿಸಿದ್ದಾರೆ. ಅವಳ ಶ್ವಾಸಕೋಶದಲ್ಲಿ ಏನೂ ಇಲ್ಲ. ಟೈಲರಕ್ಕ ಒಂದೇ ಉಸಿರಿಗೆ ಮೂರನೇ ಮಹಡಿ ತಲುಪಿ ಕೆಳಗೆ ಬಗ್ಗಿ ಕೂಗುತ್ತಾಳೆ: "ಏನ್ರೀ, ಅಲ್ಲೇ ಕೂತ್ರಾ? ನಿಮಗೂ ಒಂದು ಸ್ಕ್ಯಾನ್ ಮಾಡಿಸಲಾ?"

ನಿಮ್ಮ ಮನೆಯಲ್ಲೂ ಪದೇ ಪದೇ ಮೂಗಿನಿಂದ ರಕ್ತ, ಜೊತೆಗೆ ಏದುಸಿರು ಇದೆಯೇ? ಅದನ್ನು ಮನೆಯ ಗುಣ ಎಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಚಿಕಿತ್ಸೆಯ ಅಪಾಯವನ್ನೂ ಚಿಕಿತ್ಸೆ ಬಿಟ್ಟರೆ ಆಗುವ ಅಪಾಯವನ್ನೂ ಕೇಳಿ ತಿಳಿಯಿರಿ. ಸಹಿ ಹಾಕುವ ಮುಂಚೆ ಹಾಳೆ ಎಷ್ಟಿವೆ, ಎಣಿಸಿ.