ಕೀಲಿ ಕೊಡ್ರಿ

ಸ್ಪ್ರಿಂಗು ಹಿಂದಕ್ಕೆ ಹೊಡೆದ ರಭಸಕ್ಕೆ ಕುಬೇರಪ್ಪನ ಎಡಗೈಯ ಹೆಬ್ಬೆರಳು ಸೀಳಿಹೋಯಿತು. ಕೀಲಿ ಗಡಿಯಾರದ ತೂತಿನಲ್ಲೇ ಉಳಿಯಿತು. ಸ್ಟೂಲಿನ ಮೇಲೆ ನಿಂತಿದ್ದ ಅವನು ಗೋಡೆಗೆ ಹಣೆ ಒತ್ತಿ, ಕೂಗು ಹೊರಬೀಳದಂತೆ ತುಟಿ ಕಚ್ಚಿಕೊಂಡ. ಸುಗ್ಗಿಯಿಂದೀಚೆಗೆ ಬಲಗೈ ಎದೆಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ವಾರಕ್ಕೊಮ್ಮೆ ಎಡಗೈಯಿಂದ ಎರಡು ಸುತ್ತು ತಿರುವಿದರೆ ಹೇಗೋ ನಡೆಯುತ್ತಿತ್ತು. ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲವೆಂದು ಅವನು ನಂಬಿದ್ದ. ಇವತ್ತು ಮಾತ್ರ ಬೆಳಗಾಗುವಷ್ಟರಲ್ಲಿ ದೊಡ್ಡ ಗಡಿಯಾರ ನಿಂತುಬಿಟ್ಟಿತ್ತು.

ಪಡಸಾಲೆಯ ಗೋಡೆಯಲ್ಲಿ ಮೂರು ಗಡಿಯಾರಗಳಿದ್ದವು. ಪ್ರಾಯದಲ್ಲಿ ಒಂದೊಂದಾಗಿ ಹುಬ್ಬಳ್ಳಿಯಿಂದ ತಂದವು. ಯಮನೂರಿನ ಜನ ಬಸ್ಸಿಗೆ ಹೊರಡುವ ಮೊದಲು ಅವನ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಬೇರೆಯವರ ಕೈ ಅವಕ್ಕೆ ತಾಗುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಧೂಳು ಒರೆಸಲು ಹೋದ ಹೆಂಡತಿ ಅನ್ನವ್ವನನ್ನು ಜಡೆ ಹಿಡಿದು ಅಂಗಳದವರೆಗೆ ಎಳೆದಿದ್ದ. ಗಡಿಯಾರದ ಕೀಲಿಯೂ ತಿಜೋರಿಯ ಕೀಲಿಯೂ ಅವನ ಸೊಂಟದ ಬೆಳ್ಳಿ ಉಡದಾರದಲ್ಲಿ ಜೊತೆಗಿರುತ್ತಿದ್ದವು.

ಆ ಉಡದಾರ ಅವನ ಅಪ್ಪನದು. "ಅಪ್ಪಾ, ಇನ್ನ ಕೀಲಿ ಕೊಡ್ರಿ" ಎಂದು ಕುಬೇರಪ್ಪ ಒಂದೇ ಸಲ ಕೇಳಿದ್ದ. ಮುದುಕ ತಡವರಿಸಿದಾಗ ಸೊಂಟಕ್ಕೆ ಕೈಹಾಕಿ ಎಳೆದಿದ್ದ. ಕೊಂಡಿಗೆ ಚರ್ಮ ಅಂಟಿಕೊಂಡು ಬಂದಿತ್ತು.

ಹೊರಗೆ ಮೆಟ್ಟು ಬಿಸಾಡಿದ ಸದ್ದಾಯಿತು. ಎತ್ತು ತರಲು ನವಲಗುಂದದ ಸಂತೆಗೆ ಹೊರಟಿದ್ದ ಮಗ ಈರಪ್ಪ ಹಿಂತಿರುಗಿ ಬಂದಿದ್ದ. ಹಿಂದೆಯೇ ನೆರೆಮನೆಯ ಅಕ್ಬರಸಾಬ.

"ಕಾಕಾ, ನಿಮ್ಮ ಗಡ್ಯಾರ ನೋಡಿ ಹೊಂಟ್ವಿ, ಬಸ್ಸಿನ ಧೂಳ ಅಷ್ಟ ಸಿಕ್ತು ನೋಡ್ರಿ," ಅಕ್ಬರಸಾಬ ನಕ್ಕ. "ಅದಕ್ಕೂ ವಯಸ್ಸಾತೇನೋ."

ಈರಪ್ಪ ನಗಲಿಲ್ಲ. ಆ ಎತ್ತಿನ ಜೋಡಿಯ ಮೇಲೆ ಅವನು ಮೂರು ಸಂತೆಯಿಂದ ಕಣ್ಣಿಟ್ಟಿದ್ದ. ಅಲ್ಲಾಡದೆ ನಿಂತ ಮುಳ್ಳುಗಳನ್ನೂ ಸ್ಟೂಲಿನ ಮೇಲಿನ ಅಪ್ಪನನ್ನೂ ನೋಡಿದ.

"ಅಪ್ಪಾ, ಕೀಲಿ ಕೊಡ್ರಿ. ಎಷ್ಟ ದಿನಾ ಹಿಂಗ ಇಟ್ಕೊಂಡ ಕುಂದರ್ತೀರಿ?"

ಕುಬೇರಪ್ಪನ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು.

"ಏನಂದಿ ಲೇ?"

"ಕೀಲಿ ಕೊಡ್ರಿ ಅಂದೆ. ಕಿವೀನೂ ಹೋದ್ವೇನು?"

ಕೀಲಿ ಕೊಡಲೆಂದು ಬಿಚ್ಚಿದ್ದ ಹಿತ್ತಾಳೆಯ ಲೋಲಕ ಕುಬೇರಪ್ಪನ ಬಲಗೈಯಲ್ಲಿತ್ತು. ಮೇಲೇಳದ ಕೈಗೆ ಕೆಳಗಿದ್ದ ತಲೆ ಎಟುಕಿತು. ಬಿಲ್ಲೆಯ ಅಂಚು ಈರಪ್ಪನ ಹುಬ್ಬಿನ ಮೇಲೆ ಇಳಿಯಿತು. ಇನ್ನೊಮ್ಮೆ ಹೊಡೆದ. ಮೂರನೆಯದು ಬೀಳುವ ಮೊದಲು ಈರಪ್ಪ ಅವನ ಕಾಲು ಹಿಡಿದು ಜಗ್ಗಿದ. ಸ್ಟೂಲು ಉರುಳಿತು. ಮುದುಕನ ಬೆನ್ನು ನೆಲಕ್ಕೆ ಬಡಿಯಿತು. ಎದೆಯ ಮೇಲೆ ಮಗನ ಮೊಣಕಾಲು, ಕುತ್ತಿಗೆಗೆ ಮಗನ ಬೆರಳುಗಳು. ಮಗನ ಹುಬ್ಬಿನ ರಕ್ತ ತೊಟ್ಟಿಕ್ಕಿ ಅಪ್ಪನ ಬಾಯೊಳಗೆ ಬಿತ್ತು.

"ಬಿಡೋ ಈರಪ್ಪಾ, ಸತ್ತಗಿತ್ತಾರು." ಅಕ್ಬರಸಾಬ ಹಿಂದಿನಿಂದ ತೆಕ್ಕೆಹಾಯ್ದು ಎಳೆದ. ಈರಪ್ಪ ಅವನನ್ನು ಒದರಿ, ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡ. ಎರಡು ಏಟಿಗೆ ಎರಡು ಸಣ್ಣ ಗಡಿಯಾರಗಳು ಕೆಳಗೆ ಬಿದ್ದವು. ಬಿದ್ದದ್ದನ್ನೂ ಬಿಡದೆ, ಒಳಗಿನ ಚಕ್ರಗಳು ಹೊರಬರುವವರೆಗೆ ಬಡಿದ. ಗಾಜಿನ ಚೂರು ಸಿಡಿದು ಕುಬೇರಪ್ಪನ ಗಲ್ಲಕ್ಕೆ ನಾಟಿತು. ಅವನು ತೆಗೆಯಲಿಲ್ಲ. ಎರಡೂ ಕೈಗಳಿಂದ ಸೊಂಟ ಹಿಡಿದುಕೊಂಡಿದ್ದ.

ಅಡುಗೆಮನೆಯಿಂದ ಓಡಿಬಂದ ಅನ್ನವ್ವ ಬಡಿಗೆಗೆ ಕೈಹಾಕಿದಳು. ಈರಪ್ಪ ಬಿಟ್ಟುಕೊಟ್ಟ.

"ಗಡ್ಯಾರಕ್ಕ ಕೀಲಿ ಕೊಡ್ರಿ ಅಂದೆ ಅವ್ವಾ," ಏದುಸಿರಿನಲ್ಲಿ ಹೇಳಿದ. "ನಿಂತೈತಿ, ಕೀಲಿ ಕೊಡ್ರಿ ಅಂದೆ. ಅಷ್ಟ ಅಂದದ್ದು."

"ನಾನೂ ಅಷ್ಟ ಕೇಳೇನ್ರಿ," ಅಂದ ಅಕ್ಬರಸಾಬ.

ಕುಬೇರಪ್ಪ ಸೊಂಟದಿಂದ ಕೈ ತೆಗೆಯಲು ನೋಡಿದ, ಬೆರಳುಗಳು ಬೇಗ ಬಿಡಿಸಿಕೊಳ್ಳಲಿಲ್ಲ.

ಮಗನನ್ನು ಕಂಬಕ್ಕೆ ಒರಗಿಸಿ ಕೂರಿಸಿದ ಅನ್ನವ್ವ, ಅವನ ಹುಬ್ಬಿಗೆ ಅರಿಷಿಣ ಒತ್ತಿ, ಅವನ ಅಂಗೈಯನ್ನೇ ಅದರ ಮೇಲಿಟ್ಟಳು. ಆಮೇಲೆ ಸ್ಟೂಲು ನೆಟ್ಟಗೆ ಮಾಡಿ ಹತ್ತಿದಳು. ಗಂಡನ ಕಡೆ ನೋಡಲಿಲ್ಲ. ತೂತಿನಲ್ಲಿದ್ದ ಕೀಲಿ ಹಿಡಿದು ತಿರುವತೊಡಗಿದಳು. ಕರ್, ಕರ್, ಕರ್. ನೆಲದ ಮೇಲಿಂದಲೇ ಕುಬೇರಪ್ಪ ಕಿವಿಗೊಟ್ಟ. ಸದ್ದು ಬಿಗಿಯಾಗುತ್ತ ಬಂತು. ಇನ್ನೊಂದು ಸುತ್ತಾದರೆ ಸ್ಪ್ರಿಂಗು ಹರಿಯುತ್ತದೆ. ಸಾಕು ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಕೈ ತಾನೇ ನಿಂತಿತು. ಕೆಳಗಿಳಿದು ಲೋಲಕ ಎತ್ತಿಕೊಂಡು, ಸೆರಗಿನಿಂದ ರಕ್ತ ಒರೆಸಿ, ಮತ್ತೆ ಹತ್ತಿ ಸಿಕ್ಕಿಸಿ ಮೆಲ್ಲಗೆ ನೂಕಿದಳು.

"ಯಾವಾಗಿಂದ?" ಕುಬೇರಪ್ಪ ಕೇಳಿದ.

"ನಿಮ್ಮ ಕೈ ಏಳವಲ್ದಾದಾಗಿಂದ. ನೀವು ಉಡದಾರ ಬಿಚ್ಚಿಟ್ಟ ಜಳಕಕ್ಕ ಹ್ವಾದಾಗ ಕೊಡತಿದ್ದೆ. ಈ ವಾರ ಅಣ್ಣಿಗೇರ್ಯಾಗ ತಂಗಿ ಮನ್ಯಾಗ ಉಳದೆ." ಅವಳು ಇಳಿದು ಮಗನ ಹತ್ತಿರ ಕುಳಿತಳು. "ಏಳ್ರಿ. ಒಳಗ ಹೋಗಿ ಒಂದ ಹಳೀ ಬಟ್ಟಿ ತರ್ರಿ. ಇವನ ರಕ್ತ ನಿಂದರವಲ್ದು."

ಕುಬೇರಪ್ಪ ಗೋಡೆ ಹಿಡಿದು ಎದ್ದು ಒಳಗೆ ಹೋದ. ಆ ಮನೆಯಲ್ಲಿ ಹಳೆಯ ಬಟ್ಟೆ ಎಲ್ಲಿಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಎಡಗೈಯಿಂದ ತಡಕಾಡಿ, ಕೈಗೆ ಸಿಕ್ಕ ಗಂಟೊಂದನ್ನು ಹಲ್ಲಿನಿಂದ ಬಿಚ್ಚಿದ. ಕಡಲೆಕಾಳು ಸುರಿದು ಅವನ ಪಾದಗಳ ಸುತ್ತ ಹರಡಿತು.