ಬ್ಲ್ಯಾಕ್ ಫ್ರೈಡೇ ದಿನ ಹದ್ದಿನ ಕೆಳಗೆ

ಮೊಮ್ಮಗಳು ಟೆಸ್ ಫೋನಿನಲ್ಲಿ ಏನೋ ಓದಿಕೊಂಡು ನನಗೆ ಪಾಠ ಹೇಳಲು ಬಂದಳು.

"ಅಜ್ಜೀ, ಬ್ಲ್ಯಾಕ್ ಫ್ರೈಡೇ ಅಂತ ಯಾಕಂತಾರೆ ಗೊತ್ತಾ? ವರ್ಷವೆಲ್ಲ ನಷ್ಟ ಅಂತ ಅಂಗಡಿಯವರು ಕೆಂಪು ಶಾಯೀಲಿ ಬರೀತಿದ್ರಂತೆ. ಇವತ್ತಿಂದ ಲಾಭ, ಕಪ್ಪು ಶಾಯಿ!"

"ನಿನ್ನ ತಲೆ. ಆ ಕಥೆ ಆಮೇಲೆ ಕಟ್ಟಿದ್ದು. ಹೆಸರಿಟ್ಟಿದ್ದು ನಮ್ಮ ಫಿಲಡೆಲ್ಫಿಯಾ ಪೊಲೀಸ್ನೋರು, ಬೈಕೊಂಡು ಬೈಕೊಂಡು ಇಟ್ಟಿದ್ದು."

ಅದನ್ನು ಯಾರ ಬಾಯಿಂದ ಕೇಳಿದೆ ಎಂದು ಹೇಳಲಿಲ್ಲ. ಅವಳು ನನ್ನ ಗಂಡ ಕಸಿಮಿರನ ಮೊಮ್ಮಗಳು.

ಅದು 1958. ಇಪ್ಪತ್ಮೂರರ ನಾನು ಮಾರ್ಕೆಟ್ ಬೀದಿಯ ದೊಡ್ಡ ಅಂಗಡಿಯಲ್ಲಿ ಕೈಗವಸು ಮಾರುತ್ತಿದ್ದೆ. ಹೊರಗಿನ ಚೌಕದಲ್ಲಿ ಯೂಜೀನ್ ಗೆರಿಟಿ ಎಂಬ ಟ್ರಾಫಿಕ್ ಪೊಲೀಸ್. ದೂರದ ಸ್ಕ್ರ್ಯಾಂಟನ್ನಿನ ಗಣಿಯ ಕಡೆಯವನು, ಆ ಬೇಸಿಗೆಯಲ್ಲಷ್ಟೇ ಕೆಲಸಕ್ಕೆ ಸೇರಿದ್ದ. ಮೊದಲು ಸೆಕೆ ಎಂದು, ಆಮೇಲೆ ಚಳಿ ಎಂದು ದಿನಾ ಒಳಗೆ ಬರುತ್ತಿದ್ದ. ಕೈಗವಸು ಮುಟ್ಟಿ ನೋಡುತ್ತಿದ್ದ. ಕೊಳ್ಳುತ್ತಲೂ ಇರಲಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಲೂ ಇರಲಿಲ್ಲ.

"ಇಡೀ ಊರಿನ ಕಾರು ನಿಲ್ಲಿಸ್ತಾನೆ, ಒಂದು ಮಾತು ಹೊರಡಿಸೋಕಾಗಲ್ಲ ನಿನ್ನ ಗಂಡಸಿಗೆ," ಎಂದು ಪಕ್ಕದಲ್ಲಿ ನಿಲ್ಲುತ್ತಿದ್ದ ಕಾರ್ಮೆಲಾ ಚುಚ್ಚುತ್ತಿದ್ದಳು.

ಅಷ್ಟರಲ್ಲಿ ನಮ್ಮ ಪೋಲಿಷ್ ಕೇರಿಯಲ್ಲೇ ಮಾಂಸದಂಗಡಿ ಇಟ್ಟಿದ್ದ ಕಸಿಮಿರನ ಮನೆಯವರು ನನ್ನನ್ನು ಹೆಣ್ಣು ಕೇಳಿದರು. ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಭಾನುವಾರ ಉತ್ತರ ಕೊಡಬೇಕಿತ್ತು. ಯೂಜೀನ್ ಬಂದಾಗ ಸಂಕೋಚ ಬಿಟ್ಟು ಎಲ್ಲ ಹೇಳಿದೆ.

"ನೀನು ಹೇಳೋದೇನಾದ್ರೂ ಇದ್ರೆ ಶುಕ್ರವಾರ ಆರು ಗಂಟೆಗೆ ಹದ್ದಿನ ಕೆಳಗೆ ಬಾ. ಬರ್ಲಿಲ್ಲ ಅಂದ್ರೆ ಇಲ್ಲ ಅಂದ್ಕೋತೀನಿ."

"ಬರ್ತೀನಿ ಹಲೀನಾ. ಖಂಡಿತ ಬರ್ತೀನಿ."

ನಮ್ಮ ಅಂಗಡಿಯ ನಟ್ಟನಡುವೆ ಕಂಚಿನ ಹದ್ದೊಂದು ಕೂತಿತ್ತು. ಊರಲ್ಲಿ ಯಾರು ಯಾರಿಗೆ ಕಾಯುವುದಿದ್ದರೂ ಅದರ ಕೆಳಗೇ. ನಾನು ನನ್ನ ಊಟದ ವಿರಾಮ ನೋಡಿ ಹೊತ್ತು ಗೊತ್ತುಮಾಡಿದ್ದೆ, ಅವನದನ್ನು ವಿಚಾರಿಸಲಿಲ್ಲ. ಅವನಿಗೋ ಹಬ್ಬದ ಮರುದಿನದ ಆ ಶುಕ್ರವಾರ ಎಂಥದ್ದೆಂದೇ ಗೊತ್ತಿರಲಿಲ್ಲ.

ಶುಕ್ರವಾರ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕ್ರಿಸ್‌ಮಸ್ ಖರೀದಿಯವರ ಜೊತೆಗೆ ಶನಿವಾರ ಭೂಸೇನೆಗೂ ನೌಕಾಸೇನೆಗೂ ನಡೆಯುವ ಫುಟ್‌ಬಾಲ್ ಆಟಕ್ಕೆ ಬಂದವರೂ ಸೇರಿದ್ದರು. ಆರಕ್ಕೆ ಸರಿಯಾಗಿ ಹದ್ದಿನ ಕೆಳಗೆ ನಿಂತೆ. ಪಕ್ಕದಲ್ಲಿದ್ದವರಿಗೆಲ್ಲ ಅವರವರ ಜನ ಸಿಕ್ಕರು, ಅಪ್ಪಿಕೊಂಡರು, ಹೋದರು. ಪೊಲೀಸಿನ ನೀಲಿ ಕೋಟಿನಂಥದು ಕಂಡಾಗಲೆಲ್ಲ ಹಿಮ್ಮಡಿ ಎತ್ತಿ ನೋಡುತ್ತಿದ್ದೆ.

ಆರೂ ಇಪ್ಪತ್ತಕ್ಕೆ ಕಾರ್ಮೆಲಾ ಹೊರಗಿನಿಂದ ಓಡಿ ಬಂದಳು. "ಲೇ, ಅವನು ಚೌಕದಲ್ಲೇ ನಿಂತಿದಾನೆ ಕಣೇ! ಸುತ್ತ ಬಸ್ಸು, ಕಾರು, ಹೆಜ್ಜೆ ಎತ್ತೋಕಾಗ್ತಿಲ್ಲ ಪಾಪ. ಇನ್ನೂರು ಹೆಜ್ಜೆ ಇದೆ ಅಷ್ಟೇ, ನೀನೇ ಹೋಗು!"

"ಹದ್ದಿನ ಕೆಳಗೆ ಅಂದಿದ್ದೆ. ಬರೋದಿದ್ರೆ ಅವನೇ ಬರಲಿ."

"ಸುಟ್ಟರೂ ಹೋಗಲ್ಲ ನಿನ್ನ ಹಟ," ಎಂದಳು ಕಾರ್ಮೆಲಾ.

ಆರೂವರೆಗೆ ಕೌಂಟರಿಗೆ ಮರಳಿದೆ. ಭಾನುವಾರ ಕಸಿಮಿರನಿಗೆ ಹೂಂ ಅಂದೆ.

ಸೋಮವಾರ ಯೂಜೀನ್ ಬಂದ.

"ಯಾರಿಗೂ ರಜಾ ಇಲ್ಲ, ಹನ್ನೆರಡು ಗಂಟೆ ಡ್ಯೂಟಿ ಅಂತ ಬೆಳಿಗ್ಗೆ ಹೇಳಿದ್ರು. ಠಾಣೇಲಿ ಎಲ್ಲಾ ಬ್ಲ್ಯಾಕ್ ಫ್ರೈಡೇ ಅಂತ ಬೈಕೋತಿದ್ರು. ಅಂಥದೊಂದು ದಿನ ಇದೆ ಅಂತ್ಲೇ ನಂಗೊತ್ತಿರ್ಲಿಲ್ಲ, ಹಲೀನಾ. ಬಿಟ್ಟಿದ್ದು ಒಂಬತ್ತೂವರೆಗೆ. ಓಡಿ ಬಂದೆ, ನಿಮ್ಮ ಬಾಗಿಲು ಹಾಕಿತ್ತು. ಶನಿವಾರವೂ ಆಟದ ಕಡೆ ಡ್ಯೂಟಿ ಹಾಕಿದ್ರು."

ಆಗ ಅವನಿಗೆ ನನ್ನ ಬೆರಳಿಗೆ ಕಸಿಮಿರ್ ತೊಡಿಸಿದ್ದ ಉಂಗುರ ಕಾಣಿಸಿತು.

"ನೀನು ಒಂದ್ಸಲ ಬಾಗಿಲಿಗೆ ಬಂದಿದ್ರೂ ಸಾಕಿತ್ತು, ಕಾಣ್ತಿದ್ದೆ," ಅಂದ. "ಮೂರು ಗಂಟೆ ಹೊತ್ತು ಆ ಬಾಗಿಲೇ ನೋಡ್ತಿದ್ದೆ. ಕಾರಿನೋರೆಲ್ಲ ಹಾರ್ನ್ ಹೊಡ್ದು ಬೈತಿದ್ರು."

ಕಸಿಮಿರ್ ಒಳ್ಳೆಯವನು, ನಲವತ್ತೊಂದು ವರ್ಷ ಅವನೊಂದಿಗೆ ಬಾಳಿದೆ, ದೂರುವುದಕ್ಕೆ ಒಂದೂ ಇಲ್ಲ. ಯೂಜೀನನಿಗಾದರೆ ಆ ದಿನ ಎಂಥದ್ದೆಂದು ಗೊತ್ತಿರಲಿಲ್ಲ. ಅವನು ಎಲ್ಲಿ ನಿಂತಿದ್ದಾನೆಂದು ನನಗೆ ಗೊತ್ತಿತ್ತು. ನಾನು ಹೋಗಲಿಲ್ಲ.